ಯಾವ ಧ್ಯಾನದಲ್ಲಿದ್ದೀಯೆ?

ಹಿಂದಿನ ಸಂಚಿಕೆಯ ಸಂಪಾದಕೀಯವನ್ನು ಓದುಗರು ಇಷ್ಟು ದಿನ ನೆನಪಿಟ್ಟುಕೊಂಡಾರೆಂದು ನಾನು ಭಾವಿಸಿರಲಿಲ್ಲ. ಹೊರನಾಡಿನ ಕನ್ನಡ ಮಕ್ಕಳಲ್ಲಿ ಏಕಾಗ್ರತೆ ಕ್ಷೀಣಿಸುತ್ತಿದೆಯೆಂದೂ, ಸಂಘದ ಕಾರ್ಯಕ್ರಮಗಳಲ್ಲಿ ಅವರು ಹತ್ತು ನಿಮಿಷ ಕೂತಲ್ಲಿ ಕೂರಲಾರರೆಂದೂ, ಕೈಯೊಳಗಿನ ಮೊಬೈಲು ಅವರ ಮನಸ್ಸನ್ನು ಚೂರುಚೂರು ಮಾಡಿದೆಯೆಂದೂ ಒಂದೂವರೆ ಪುಟ ಬರೆದಿದ್ದೆ. ಹಿರಿಯ ಸದಸ್ಯರಿಂದ ಮೆಚ್ಚುಗೆಯ ನಾಲ್ಕು ಪತ್ರಗಳು ಬಂದವು. ಐದನೆಯದು ಬಂದದ್ದು ಅಹಮದಾಬಾದಿನಿಂದ. ಬರೆದವಳು ಹನ್ನೊಂದನೆಯ ತರಗತಿಯ ಹುಡುಗಿ. ಕನ್ನಡದ ಮಾತನ್ನು ರೋಮನ್ ಲಿಪಿಯಲ್ಲಿ ಬರೆದಿದ್ದಳು. ನನ್ನ ಲೇಖನವನ್ನು ಆಕೆಯ ತಾಯಿ ಗಟ್ಟಿಯಾಗಿ ಓದಿ ಹೇಳಿದರಂತೆ, ಸ್ವಲ್ಪ ಹೆಚ್ಚೇ ಗಟ್ಟಿಯಾಗಿ.

ಪತ್ರದ ಸಾರವಿಷ್ಟೆ: ಹೋದ ವರ್ಷ ಮನೋವೈದ್ಯರು ಆಕೆಗೆ ಎ.ಡಿ.ಎಚ್.ಡಿ. ಇದೆಯೆಂದು ಗುರುತಿಸಿದ್ದಾರೆ. ಅದಕ್ಕೆ ಮೊದಲು ಹತ್ತು ವರ್ಷ ಅವಳನ್ನು ಎಲ್ಲರೂ ಸೋಮಾರಿಯೆಂದು ಗುರುತಿಸಿದ್ದರು. ನಿಮ್ಮ ಲೇಖನದಲ್ಲಿ ತಂದೆತಾಯಿಗಳ ಮಾತಿದೆ, ಶಿಕ್ಷಕರ ಮಾತಿದೆ, ನಿಮ್ಮ ಮಾತಂತೂ ಧಾರಾಳವಾಗಿದೆ. ನಮ್ಮನ್ನು ನೀವು ಕೇಳಿದಿರಾ? ಎಂದು ಆಕೆ ಪ್ರಶ್ನಿಸಿದ್ದಳು.

ಕೇಳಿರಲಿಲ್ಲ.

ಈ ಪ್ರಶ್ನೆಯ ಬೆನ್ನು ಹತ್ತಿ ಕಳೆದ ಮೂರು ತಿಂಗಳಲ್ಲಿ ವಡೋದರದಿಂದ ಅಹಮದಾಬಾದಿಗೆ ಎರಡು ಬಾರಿ, ಸೂರತ್ತಿಗೆ ಒಂದು ಬಾರಿ ಹೋಗಿಬಂದೆ. ನಮ್ಮ ಕುಟುಂಬಗಳೊಳಗಿನ ಏಳು ಮಂದಿ ಹದಿಹರೆಯದವರೊಡನೆ ಮಾತನಾಡಿದೆ. ತಂದೆತಾಯಿಗಳ ಒಪ್ಪಿಗೆಯಿತ್ತು, ಆದರೆ ಮಾತುಕತೆಯ ಹೊತ್ತಿನಲ್ಲಿ ಅವರು ಬೇರೆ ಕೋಣೆಯಲ್ಲಿದ್ದರು. ಇದು ಸಮೀಕ್ಷೆಯಲ್ಲ, ಏಳು ಮಂದಿಯ ಮಾತಿನಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ. ಆದರೂ ನನ್ನ ಹಿಂದಿನ ಲೇಖನ ಎಲ್ಲಿ ತಪ್ಪಿತ್ತೆಂಬುದು ತಿಳಿಯಲು ಏಳು ಮಂದಿ ಸಾಕಾದರು.

ಹೆಸರಿನಿಂದಲೇ ಆರಂಭಿಸುತ್ತೇನೆ. ಎ.ಡಿ.ಎಚ್.ಡಿ. ಎಂಬುದನ್ನು ಕನ್ನಡದಲ್ಲಿ ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಇದು ನಿನ್ನೆ ಮೊನ್ನೆ ಹುಟ್ಟಿದ ಕಾಯಿಲೆಯಲ್ಲ, ಮೊಬೈಲಿನ ಕೊಡುಗೆಯೂ ಅಲ್ಲ. ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ. ಆತ ಅದನ್ನು ವರ್ಣಿಸಿದ ಬಗೆಯನ್ನು ಗಮನಿಸಬೇಕು: ಬುದ್ಧಿ ಸರಿಯಿದ್ದೂ ನೈತಿಕ ಹತೋಟಿಯಲ್ಲಿ ಕಂಡುಬರುವ ದೋಷ ಎಂಬುದಾಗಿ. ವೈದ್ಯಶಾಸ್ತ್ರ ಆ ನೈತಿಕ ಭಾಷೆಯನ್ನು ಬಹಳ ಹಿಂದೆಯೇ ಕೈಬಿಟ್ಟಿತು. ಮಿದುಳಿನ ಬೆಳವಣಿಗೆಯಲ್ಲಿನ ವ್ಯತ್ಯಾಸ ಇದಕ್ಕೆ ಕಾರಣವೆಂದೂ, ಇದು ವಂಶದಲ್ಲಿ ಹರಿದುಬರುವುದು ಹೆಚ್ಚೆಂದೂ ಇಂದು ಅದು ಹೇಳುತ್ತದೆ. ಜಗತ್ತಿನಾದ್ಯಂತ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುವುದೆಂದು ಅಂದಾಜು. ಆದರೆ ನಮ್ಮ ಮನೆಗಳು ಇನ್ನೂ 1902ರಲ್ಲಿಯೇ ಇವೆ. ಮಗು ಪುಸ್ತಕ ಮರೆತರೆ ಬೇಜವಾಬ್ದಾರಿ, ಮಾತಿನ ನಡುವೆ ಬಾಯಿ ಹಾಕಿದರೆ ಸಂಸ್ಕಾರವಿಲ್ಲ, ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟರೆ ಉಡಾಳ. ನೆರೆಮನೆಯ ಗುಜರಾತಿಯವರು ಇದೇ ಮಗುವನ್ನು ತೋಫಾನಿ ಎನ್ನುತ್ತಾರೆ. ಆ ಮಾತಿನಲ್ಲಿ ಕೊಂಚ ಅಕ್ಕರೆಯಾದರೂ ಇದೆ.

ಏಳು ಮಂದಿಯೂ ತಮ್ಮ ತೊಂದರೆಯನ್ನು ವಿವರಿಸಲು ಬಳಸಿದ್ದು ಈ ನೈತಿಕ ಪದಗಳನ್ನೇ ಎಂಬುದು ನನ್ನನ್ನು ಕಲಕಿದ ಮೊದಲ ಸಂಗತಿ. ನಿನಗೆ ಕಷ್ಟವೆನಿಸುವುದು ಯಾವುದು ಎಂದು ವಡೋದರದ ಹದಿನೈದರ ಹುಡುಗನನ್ನು ಕೇಳಿದಾಗ, ಮನಸ್ಸು ನಿಲ್ಲುವುದಿಲ್ಲವೆಂದು ಅವನು ಹೇಳಲಿಲ್ಲ. ನಾನು ಸುಳ್ಳುಗಾರ ಎಂದ. ರಾತ್ರಿ ಮಲಗುವಾಗ ನಾಳೆಯಿಂದ ಐದಕ್ಕೆ ಎದ್ದು ಓದುತ್ತೇನೆಂದು ಅಪ್ಪನಿಗೆ ಮಾತು ಕೊಡುತ್ತಾನೆ. ಕೊಡುವಾಗ ಅದು ನಿಜವೇ. ಬೆಳಿಗ್ಗೆ ಏಳುತ್ತಾನೆ ಕೂಡ. ಪುಸ್ತಕ ತೆರೆಯುತ್ತಾನೆ, ಪೆನ್ಸಿಲು ಮೊಂಡಾಗಿರುತ್ತದೆ, ಮೆಂಡರು ಹುಡುಕಲು ಕಪಾಟು ತೆಗೆಯುತ್ತಾನೆ, ಅಲ್ಲಿ ಹಳೆಯ ಗಡಿಯಾರ ಸಿಗುತ್ತದೆ. ಏಳು ಗಂಟೆಗೆ ಅಪ್ಪ ಬಂದು ನೋಡುವಾಗ ಗಡಿಯಾರ ಬಿಡಿಬಿಡಿಯಾಗಿ ನೆಲದ ಮೇಲಿರುತ್ತದೆ. ವರ್ಷದಲ್ಲಿ ನೂರು ಸಲ ಹೀಗಾದ ಮೇಲೆ, ತಾನು ಕೊಟ್ಟ ಮಾತುಗಳೆಲ್ಲ ಸುಳ್ಳೆಂದು ಅವನಿಗೇ ಅನಿಸಿದರೆ ಆಶ್ಚರ್ಯವೇನು? ಇತ್ತೀಚೆಗೆ ಅವನು ಮಾತು ಕೊಡುವುದನ್ನೇ ನಿಲ್ಲಿಸಿದ್ದಾನೆ. ಮನೆಯವರು ಅದನ್ನು ಹಠವೆಂದು ತಿಳಿದಿದ್ದಾರೆ.

ಈ ಹುಡುಗನ ಮನೆಯಲ್ಲಿ ನಡೆದ ಒಂದು ಮಾತುಕತೆಯನ್ನು ವಿವರವಾಗಿಯೇ ಹೇಳಬೇಕು. ಅವರದು ಧಾರವಾಡದ ಕಡೆಯ ಕುಟುಂಬ. ಶಾಲೆಯಿಂದ ಪ್ರತಿ ಬಾರಿ ಬರುವ ದೂರು ಒಂದೇ: ಧ್ಯಾನ ನಥೀ. ಗುಜರಾತಿಯಲ್ಲಿ ಧ್ಯಾನವೆಂದರೆ ಗಮನ. ಹುಡುಗನಿಗೆ ಪಾಠದ ಕಡೆ ಗಮನವಿಲ್ಲ ಎಂದು ಅರ್ಥ. ಮನೆಯಲ್ಲಿ ಅಜ್ಜಿ, ಊಟಕ್ಕೆ ಮೂರು ಸಲ ಕರೆದರೂ ಓಗೊಡದ ಅದೇ ಮೊಮ್ಮಗನನ್ನು ಗದರುವುದು, "ಯಾವ ಧ್ಯಾನದಾಗ ಇದ್ದೀಯೋ?" ಎಂದು. ಶಾಲೆಯ ಮಾತಿನಲ್ಲಿ ಅವನಿಗೆ ಧ್ಯಾನವಿಲ್ಲ. ಮನೆಯ ಮಾತಿನಲ್ಲಿ ಅವನು ಸದಾ ಯಾವುದೋ ಧ್ಯಾನದಲ್ಲಿರುತ್ತಾನೆ. ಒಂದೇ ಪದ, ಎರಡು ಭಾಷೆ, ಒಂದೇ ಬೈಗುಳ. ಇದನ್ನು ನನಗೆ ತೋರಿಸಿಕೊಟ್ಟವನು ಹುಡುಗನೇ. ಅಜ್ಜಿ ಹೇಳುವುದೇ ಸರಿ, ಇಲ್ಲವೆಂಬುದಲ್ಲ ನನ್ನ ಕಷ್ಟ, ಇದ್ದದ್ದು ನಾನು ಹೇಳಿದ ಕಡೆ ಹೋಗುವುದಿಲ್ಲ ಎಂದ. ವೈದ್ಯಕೀಯ ಹೆಸರಿನಲ್ಲಿರುವ ಕೊರತೆ ಎಂಬ ಪದಕ್ಕೆ ಇದಕ್ಕಿಂತ ಸಮಂಜಸವಾದ ತಿದ್ದುಪಡಿಯನ್ನು ನಾನು ಕೇಳಿಲ್ಲ. ಗಮನದ ಕೊರತೆಗಿಂತ ಗಮನದ ನಿಯಂತ್ರಣದ ತೊಡಕೇ ಇಲ್ಲಿನ ಮುಖ್ಯ ಸಮಸ್ಯೆಯೆಂದು ತಜ್ಞರಲ್ಲಿಯೂ ಅನೇಕರು ಹೇಳುತ್ತ ಬಂದಿದ್ದಾರೆ.

ಉತ್ತರಾಯಣದ ಉದಾಹರಣೆಯನ್ನು ಎಲ್ಲ ತಂದೆತಾಯಿಗಳೂ ಕೊಟ್ಟರು. ಜನವರಿ 14ರಂದು ಇಡೀ ಗುಜರಾತು ಮಾಳಿಗೆಯ ಮೇಲಿರುತ್ತದೆ. ಪುಸ್ತಕದ ಮುಂದೆ ಐದು ನಿಮಿಷ ಕೂರದ ಹುಡುಗ ಬೆಳಗಿನಿಂದ ಕತ್ತಲಾಗುವವರೆಗೆ ಗಾಳಿಪಟದ ಮೇಲಿಂದ ಕಣ್ಣು ಕದಲಿಸುವುದಿಲ್ಲ. ಸೂರತಿ ಮಾಂಜಾ ಬೆರಳನ್ನು ಕೊಯ್ದರೂ ಅವನಿಗೆ ತಿಳಿಯುವುದಿಲ್ಲ. ಇದಕ್ಕೆ ಬರುತ್ತದಲ್ಲ ಏಕಾಗ್ರತೆ ಎಂದು ತಂದೆಯ ವಾದ. ವಾದ ಮೇಲುನೋಟಕ್ಕೆ ಅಕಾಟ್ಯವಾಗಿಯೇ ಇದೆ. ನಾವು ಊಹಿಸದ ಸಂಗತಿಯೆಂದರೆ, ಈ ವಾದವನ್ನು ಹುಡುಗ ತನ್ನ ವಿರುದ್ಧ ತಾನೇ ಮಂಡಿಸಿಕೊಳ್ಳುತ್ತಿರುತ್ತಾನೆ. ಅಲ್ಲಿ ಆಗುವುದು ಇಲ್ಲಿ ಏಕೆ ಆಗುವುದಿಲ್ಲ, ಹಾಗಾದರೆ ನನಗೆ ಮನಸ್ಸಿಲ್ಲವೇ, ನಾನು ಕೆಟ್ಟವನೇ ಎಂಬ ಸರಣಿಗೆ ಕೊನೆಯಿಲ್ಲ. ತಕ್ಷಣ ಫಲ ಕಾಣುವ, ಕ್ಷಣಕ್ಷಣಕ್ಕೂ ಬದಲಾಗುವ ಆಟದಲ್ಲಿ ನಿಲ್ಲುವ ಮನಸ್ಸು, ಫಲ ದೂರವಿರುವ ಕೆಲಸದಲ್ಲಿ ನಿಲ್ಲದಿರುವುದು ಈ ತೊಂದರೆಯ ಲಕ್ಷಣವೇ ಹೊರತು ಅದಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಈ ಒಂದು ವಾಕ್ಯವನ್ನು ಆ ಹುಡುಗನಿಗೆ ಹದಿನೈದು ವರ್ಷಗಳಲ್ಲಿ ಯಾರೂ ಹೇಳಿರಲಿಲ್ಲ.

ನಮ್ಮಲ್ಲಿ ಅವಧಾನವೆಂಬುದು ಒಂದು ಕಲೆ. ಅಷ್ಟಾವಧಾನವನ್ನು ನೋಡಿದವರು ಬಲ್ಲರು: ಅವಧಾನಿ ಎಂಟು ಕಡೆಗೆ ಮನಸ್ಸನ್ನು ಹರಿಸಿ, ಪ್ರತಿಯೊಂದಕ್ಕೂ ಮರಳಿ ಬಂದು ಪದ್ಯವನ್ನು ಮುಗಿಸುತ್ತಾನೆ. ಆ ಎಂಟರಲ್ಲಿ ಒಬ್ಬ ಅಪ್ರಸ್ತುತ ಪ್ರಸಂಗಿ. ನಡುನಡುವೆ ಸಂಬಂಧವಿಲ್ಲದ ಮಾತೆತ್ತಿ ಅವಧಾನವನ್ನು ಕೆಡಿಸುವುದೇ ಅವನ ಕೆಲಸ. ಈ ಮಕ್ಕಳ ತಲೆಯೊಳಗೆ ಎಂಟೂ ಮಂದಿ ಅಪ್ರಸ್ತುತ ಪ್ರಸಂಗಿಗಳೇ ಕುಳಿತಿದ್ದಾರೆಂದು ಊಹಿಸಿಕೊಂಡರೆ ಅವರ ಸ್ಥಿತಿ ಕೊಂಚ ಅರ್ಥವಾದೀತು.

ಪತ್ರ ಬರೆದ ಹುಡುಗಿಯನ್ನು ಅಹಮದಾಬಾದಿನಲ್ಲಿ ಭೇಟಿಯಾದೆ. ತಂದೆ ಬ್ಯಾಂಕಿನಲ್ಲಿದ್ದಾರೆ, ವರ್ಗಾವಣೆಯಿಂದಾಗಿ ಆಕೆ ನಾಲ್ಕು ಶಾಲೆಗಳನ್ನು ಕಂಡಿದ್ದಾಳೆ. ಓಡಾಡುವವಳಲ್ಲ, ಗಲಾಟೆ ಮಾಡುವವಳಲ್ಲ. ಶಾಂತ ಹುಡುಗಿಯೆಂದು ಪ್ರತಿ ಪ್ರಗತಿಪತ್ರದಲ್ಲೂ ಬರೆದಿದ್ದಾರೆ. ಒಂದೇ ಸಾಲನ್ನು ಎಂಟು ಬಾರಿ ಓದಿ, ಒಂಬತ್ತನೆಯ ಬಾರಿಯೂ ಅದರಲ್ಲೇನಿದೆಯೆಂದು ತಿಳಿಯದೆ, ಆದರೂ ಪುಟ ತಿರುಗಿಸುವುದನ್ನು ಆಕೆ ಅಭ್ಯಾಸ ಮಾಡಿಕೊಂಡಿದ್ದಳು, ಏಕೆಂದರೆ ಪುಟ ತಿರುಗುತ್ತಿದ್ದರೆ ಯಾರೂ ಕೇಳುವುದಿಲ್ಲ. ಗೆಳತಿಯರು ಒಂದು ಗಂಟೆಯಲ್ಲಿ ಮಾಡುವುದನ್ನು ರಾತ್ರಿ ಎರಡರವರೆಗೆ ಕೂತು ಮಾಡಿ, ಬೆಳಿಗ್ಗೆ ತಾನೂ ಒಂದೇ ಗಂಟೆಯಲ್ಲಿ ಮಾಡಿದೆನೆಂದು ಹೇಳುತ್ತಿದ್ದಳು. ಬುದ್ಧಿವಂತಳೆಂಬ ಹೆಸರು ತನ್ನದಲ್ಲದ ಒಡವೆಯಂತೆ ಮೈಮೇಲಿತ್ತು, ಯಾವ ದಿನ ಬಿಚ್ಚಿಕೊಡಬೇಕಾಗುತ್ತದೋ ಎಂಬ ಭಯವಿತ್ತು ಎಂದಳು. ಗಂಡುಮಕ್ಕಳಲ್ಲಿ ಈ ತೊಂದರೆಯನ್ನು ಗುರುತಿಸುವುದು ಹೆಣ್ಣುಮಕ್ಕಳಿಗಿಂತ ಎರಡು ಮೂರು ಪಟ್ಟು ಹೆಚ್ಚು. ಇಂಥ ಹುಡುಗಿಯರು ಯಾರಿಗೂ ತೊಂದರೆ ಕೊಡುವುದಿಲ್ಲವೆಂಬುದು ಅದಕ್ಕೊಂದು ಕಾರಣ. ಯಾರಿಗೂ ತೊಂದರೆ ಕೊಡದಿದ್ದರೆ ತೊಂದರೆಯೇ ಇಲ್ಲವೆಂದು ತಿಳಿಯುವ ನಮ್ಮ ಗುಣ ಈ ವಿಷಯಕ್ಕೆ ಮಾತ್ರ ಸೀಮಿತವಲ್ಲ, ಇರಲಿ.

ತೊಂದರೆ ಯಾರಿಗೆ ಎಂಬ ಪ್ರಶ್ನೆ ವೈದ್ಯರ ಪಟ್ಟಿಯೊಳಗೂ ಇದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಇದರ ಲಕ್ಷಣಗಳು ಒಂಬತ್ತರಂತೆ ಎರಡು ಗುಂಪಾಗಿವೆ. ಮಕ್ಕಳಲ್ಲಿ ಒಂದು ಗುಂಪಿನ ಆರಾದರೂ ಇರಬೇಕು, ಹದಿನೇಳು ತುಂಬಿದವರಲ್ಲಿ ಐದು ಸಾಕು, ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಎದುರಿಗೆ ನಿಂತು ಮಾತನಾಡಿದರೂ ಕೇಳಿಸಿಕೊಳ್ಳದಂತೆ ತೋರುವುದು ಅವುಗಳಲ್ಲೊಂದು. ತೋರುವುದು ಯಾರಿಗೆ? ನೋಡುವವರಿಗೆ. ಹೆಚ್ಚಿನ ಲಕ್ಷಣಗಳು ಹೊರಗಿನಿಂದ ಕಂಡವು. ಅಲ್ಲಲ್ಲಿ ಮಾತ್ರ ಒಳಗಿನ ಅನುಭವ ಇಣುಕುತ್ತದೆ: ಕೂರಬೇಕಾದಲ್ಲಿ ಎದ್ದು ಓಡುವ ಲಕ್ಷಣ ಹದಿಹರೆಯದವರಲ್ಲಿ ಬರಿಯ ಒಳಗಿನ ಚಡಪಡಿಕೆಯಾಗಿ ಉಳಿದಿರಬಹುದೆಂದು ಆ ಪಟ್ಟಿ ಒಪ್ಪುತ್ತದೆ. ಆ ಒಳಗಿನ ಚಡಪಡಿಕೆಯನ್ನು ಬಲ್ಲವನು ಚಡಪಡಿಸುವವನೇ. ಆದರೂ ಚಿಕ್ಕ ಮಕ್ಕಳಲ್ಲಿ ಪ್ರಶ್ನಾವಳಿಯನ್ನು ತುಂಬುವವರು ತಂದೆತಾಯಿ ಮತ್ತು ಶಿಕ್ಷಕರು. ಹದಿನಾರರ ಹುಡುಗನ ವಿಷಯದಲ್ಲೂ ನಮ್ಮ ಮನೆಗಳಲ್ಲಿ ಆಗುವುದು ಬಹುಮಟ್ಟಿಗೆ ಅದೇ.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಈ ಮಕ್ಕಳಿಗೆ ತಮ್ಮ ಬಗ್ಗೆ ಸರಿಯಾದ ಅಂದಾಜಿರುವುದಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ಬೆಟ್ಸಿ ಹೋಜಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ತೊಂದರೆಯಿರುವ ಹುಡುಗರು ತಮ್ಮ ಸಾಮರ್ಥ್ಯವನ್ನು ಶಿಕ್ಷಕರ ಅಂದಾಜಿಗಿಂತ ಮೇಲೆ ಇಟ್ಟುಕೊಂಡದ್ದು ಕಂಡುಬಂತು. ಯಾವುದರಲ್ಲಿ ಹೆಚ್ಚು ಹಿಂದೋ ಅದರಲ್ಲಿಯೇ ಹೆಚ್ಚು ಮೇಲೆ. ಹದಿಹರೆಯದವರು ತಮ್ಮ ಲಕ್ಷಣಗಳನ್ನು ತಂದೆತಾಯಿ ಹೇಳುವುದಕ್ಕಿಂತ ಕಡಿಮೆಯಾಗಿ ಹೇಳುತ್ತಾರೆಂಬುದೂ ಮತ್ತೆ ಮತ್ತೆ ಕಂಡದ್ದೇ. ಹಾಗಾದರೆ ಅವರನ್ನು ಕೇಳಿ ಪ್ರಯೋಜನವೇನು ಎಂದು ಕೇಳಬಹುದು. ಇದು ಒಳನೋಟದ ಅಭಾವವೋ ಮಾನ ಕಾಪಾಡಿಕೊಳ್ಳುವ ಉಪಾಯವೋ ಎಂಬ ಚರ್ಚೆ ಸಂಶೋಧಕರಲ್ಲಿಯೇ ಇದೆ. ನನ್ನ ಒಲವು ಎರಡನೆಯದರ ಕಡೆಗೆ. ಏಳು ಮಂದಿಯಲ್ಲಿ ಐವರು ಮೊದಲ ಅರ್ಧ ಗಂಟೆ, ನನಗೇನೂ ತೊಂದರೆಯಿಲ್ಲ ಅಂಕಲ್ ಎಂದೇ ಹೇಳಿದರು. ಬಾಗಿಲ ಆಚೆ ತಾಯಿಯ ಬಳೆಯ ಸದ್ದು ಅಡುಗೆಮನೆಗೆ ಸರಿದ ಮೇಲೆಯೇ ಬೇರೆ ಮಾತು ಬಂದದ್ದು.

ಸೂರತ್ತಿನ ಹುಡುಗ ಇದಕ್ಕೆ ಅಪವಾದ. ಅವನು ಬಾಗಿಲನ್ನು ಲೆಕ್ಕಿಸಲಿಲ್ಲ. ತಂದೆಯದು ಚಿಕ್ಕ ಉಡುಪಿ ಹೋಟೆಲು, ಕುಂದಾಪುರದ ಕಡೆಯವರು. ಶಾಲೆಯಲ್ಲಿ ಹುಡುಗ ಒಂದು ವರ್ಷ ಹಿಂದುಳಿದಿದ್ದಾನೆ. ರವಿವಾರದ ಬೆಳಿಗ್ಗೆ ಗಿರಾಕಿಗಳ ನೂಕುನುಗ್ಗಲಿನಲ್ಲಿ ಹನ್ನೆರಡು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟು, ಯಾವ ಮೇಜಿಗೆ ಚಟ್ನಿ ಎರಡನೆಯ ಬಾರಿ ಹೋಗಬೇಕೆಂಬುದನ್ನೂ ತಪ್ಪದೆ ಹೇಳುವುದನ್ನು ನಾನೇ ಕಂಡೆ. ಗದ್ದಲದಲ್ಲಿ ನನ್ನ ತಲೆ ತಣ್ಣಗಿರುತ್ತದೆ, ಎಲ್ಲರೂ ಸುಮ್ಮನೆ ಕೂತ ಕೋಣೆಯಲ್ಲಿ ಗದ್ದಲ ನನ್ನೊಳಗೆ ಶುರುವಾಗುತ್ತದೆ ಎಂದ. ವೈದ್ಯರಲ್ಲಿಗೆ ಹೋಗಿದ್ದಾಗ ಏನು ಕೇಳಿದರೆಂದು ವಿಚಾರಿಸಿದೆ. ವೈದ್ಯರು ಗುಜರಾತಿಯಲ್ಲಿ ಕೇಳಿದರಂತೆ, ತಂದೆ ಹಿಂದಿಯಲ್ಲಿ ಉತ್ತರಿಸಿದರಂತೆ, ತಾಯಿ ಕುಂದಾಪುರದ ಕನ್ನಡದಲ್ಲಿ ಅವನನ್ನು ಸುಮ್ಮನಿರಲು ಹೇಳಿದರಂತೆ, ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದರಂತೆ. ನಾಲ್ಕು ಭಾಷೆಗಳಲ್ಲಿ ಅವನ ಬಗ್ಗೆ ಮಾತು ನಡೆಯಿತು. ಅವನ ಪಾಲಿಗೆ ಒಂದೂ ಬರಲಿಲ್ಲ. ಹೊರನಾಡ ಕನ್ನಡಿಗರ ಭಾಷಾ ಸಮಸ್ಯೆಯೆಂದರೆ ನಾಮಫಲಕ, ಗ್ರಂಥಾಲಯ, ಅಧಿವೇಶನಗಳ ನಿರ್ಣಯ ಎಂದು ಬರೆಯುತ್ತ ಬಂದ ನನಗೆ, ತನ್ನ ಕಷ್ಟವನ್ನು ಹೇಳಿಕೊಳ್ಳಲು ಮಗುವಿಗೆ ಯಾವ ಭಾಷೆಯೆಂಬ ಪ್ರಶ್ನೆ ಹೊಳೆದಿರಲಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಉಳಿದಿರುವುದು ಬಹುಮಟ್ಟಿಗೆ ಬೈಸಿಕೊಳ್ಳುವ ಭಾಷೆಯಾಗಿ.

ಔಷಧಿಯ ಬಗ್ಗೆ ನಾಲ್ಕು ಮಾತು. ಏಳು ಮಂದಿಯಲ್ಲಿ ಇಬ್ಬರು ತೆಗೆದುಕೊಳ್ಳುತ್ತಿದ್ದಾರೆ. ಇದರಲ್ಲಿ ಮುಖ್ಯವಾದ ಮಿಥೈಲ್‌ಫೆನಿಡೇಟ್ ನಮ್ಮ ದೇಶದ 1985ರ ಮಾದಕ ದ್ರವ್ಯ ಕಾಯಿದೆಯ ಪಟ್ಟಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಸಿಗುವುದಲ್ಲ, ಸಿಗಲೂಬಾರದು. ಈ ಕಾರಣದಿಂದಲೇ ಹಿರಿಯರಿಗೆ ಅದರ ಭಯ. ಮಕ್ಕಳು ಯಂತ್ರದಂತಾಗುತ್ತಾರೆಂಬುದು ಆ ಭಯದ ಸಾಮಾನ್ಯ ರೂಪ. ಇಲೀನಾ ಸಿಂಗ್ ಎಂಬ ವಿದುಷಿ ಬ್ರಿಟನ್ ಮತ್ತು ಅಮೆರಿಕದ ನೂರೈವತ್ತಕ್ಕೂ ಹೆಚ್ಚು ಮಕ್ಕಳನ್ನೇ ನೇರವಾಗಿ ಕೇಳಿ 2012ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚಿನ ಮಕ್ಕಳು ಹಾಗೆ ಹೇಳಲಿಲ್ಲ. ಎಡವುವ ಮುನ್ನ ಒಂದು ಕ್ಷಣ ಯೋಚಿಸಲು ಎಡೆ ಸಿಗುತ್ತದೆಂದರು. ವೈದ್ಯರು ತಮ್ಮೊಡನೆ ಮಾತನಾಡುವುದು ಕಡಿಮೆಯೆಂಬುದು ಅವರ ದೂರಾಗಿತ್ತು. ಅಹಮದಾಬಾದಿನ ಹುಡುಗಿಯ ಮಾತೂ ಹೆಚ್ಚುಕಡಿಮೆ ಇದೇ. ಇನ್ನೊಬ್ಬ ಹುಡುಗ ಮಾತ್ರ, ಮಾತ್ರೆ ನುಂಗಿದ ದಿನ ತನ್ನ ಹಾಸ್ಯ ಗೆಳೆಯರಿಗೆ ಹಿಡಿಸುವುದಿಲ್ಲವೆಂದು ರವಿವಾರ ಅದನ್ನು ಬಿಡುತ್ತಾನೆ. ಇದು ತಂದೆಗೆ ಗೊತ್ತು, ವೈದ್ಯರಿಗೆ ಗೊತ್ತಿರಲಿಲ್ಲ. ವೈದ್ಯರಿಗೆ ಹೇಳೆಂದು ಒತ್ತಾಯಿಸಿ ಬಂದಿದ್ದೇನೆ. ಔಷಧಿ ಬೇಕೇ ಬೇಡವೇ ಎಂಬುದು ಸಂಪಾದಕನಾಗಲಿ ಅಜ್ಜಿಯಾಗಲಿ ತೀರ್ಮಾನಿಸುವ ವಿಷಯವಲ್ಲ.

ಚಡಪಡಿಸುವ ಮಕ್ಕಳಿಗೆಲ್ಲ ಈ ಹೆಸರನ್ನು ಹಚ್ಚಬೇಕೆಂದು ನಾನು ಹೇಳುತ್ತಿಲ್ಲ. ಬೆಳಿಗ್ಗೆ ಏಳಕ್ಕೆ ಶಾಲೆ, ಮಧ್ಯಾಹ್ನದಿಂದ ರಾತ್ರಿಯವರೆಗೆ ಟ್ಯೂಷನ್ನು ಎಂಬ ದಿನಚರಿಯಲ್ಲಿ ಚಡಪಡಿಸದಿರುವ ಮಗುವೇ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ಬರೋಡ ಸಂಸ್ಥಾನದ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿ ಎಲ್ಲ ಮಕ್ಕಳನ್ನೂ ಶಾಲೆಯೊಳಗೆ ತಂದರು. ಭಾವನಗರದ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರವನ್ನು ತೆರೆದು, ಒಳಗೆ ಬಂದ ಮಗು ಕೂತೇ ಕಲಿಯಬೇಕೇ ಎಂದು ಕೇಳಿದರು. ಮೊದಲನೆಯವರ ಪ್ರತಿಮೆಯ ಸುತ್ತ ವಾಹನಗಳನ್ನು ಓಡಿಸುತ್ತೇವೆ. ಎರಡನೆಯವರ ಪ್ರಶ್ನೆ ಹಾಗೆಯೇ ಉಳಿದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿಮಾಡಿದೆ, ಕಲಿಕೆಯ ನಿರ್ದಿಷ್ಟ ತೊಂದರೆ ಅದರಲ್ಲಿದೆ, ಆಟಿಸಂ ಇದೆ, ಎ.ಡಿ.ಎಚ್.ಡಿ. ಹೆಸರಿಲ್ಲ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಹೊರಟ ತಂದೆಗೆ ಈ ಕೊರತೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ನಿಮ್ಹಾನ್ಸ್ ಸಂಸ್ಥೆ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಗುಜರಾತೂ ಸೇರಿತ್ತು. 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿರುವುದು ಅದರಲ್ಲಿ ಕಂಡಿತು. ಈ ಲೆಕ್ಕದಲ್ಲಿ ನಮ್ಮ ಸಂಘದ ಮಕ್ಕಳೂ ಇರಲೇಬೇಕಲ್ಲ.

ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿ, ನಾನು ಯಾರೆಂಬ ಪ್ರಶ್ನೆಯೇ ಹದಿಹರೆಯದ ಮುಖ್ಯ ಕಾರ್ಯವೆಂದು ತೋರಿಸಿಕೊಟ್ಟವರು, 1962ರಲ್ಲಿ ಮನುಷ್ಯನ ಜೀವನಚಕ್ರದ ಕುರಿತ ವಿಚಾರಗೋಷ್ಠಿಗಾಗಿ ಅಹಮದಾಬಾದಿಗೆ ಬಂದಿದ್ದರು. ಇಲ್ಲಿಂದ ಹೊತ್ತುಕೊಂಡು ಹೋದ ಕುತೂಹಲದ ಫಲವೇ ಗಾಂಧೀಜಿಯವರ ಬಗ್ಗೆ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥ. ನಾನು ಯಾರೆಂದು ಕೇಳಿಕೊಳ್ಳುವ ವಯಸ್ಸಿನಲ್ಲಿ ನಮ್ಮ ಮಕ್ಕಳಿಗೆ ಸಿದ್ಧವಾಗಿ ಸಿಗುವ ಉತ್ತರಗಳು ಸೋಮಾರಿ, ಉಡಾಳ, ಸುಳ್ಳುಗಾರ ಎಂಬಿವು. ಬಸವಣ್ಣನವರು ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಹೋಲಿಸಿದ್ದು ತಮ್ಮ ಮನಸ್ಸನ್ನು. ನಾವು ಆ ಹೋಲಿಕೆಯನ್ನು ಮಕ್ಕಳ ಮೇಲೆ ಎಸೆಯುತ್ತೇವೆ.

ಈಗ ಸಂಘದ ಮಾತು. ಪ್ರತಿ ವರ್ಷ ಹತ್ತು ಹನ್ನೆರಡನೆಯ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದವರಿಗೆ ಪ್ರತಿಭಾ ಪುರಸ್ಕಾರ ಕೊಡುತ್ತೇವೆ. ಶಾಲು, ಹಣ್ಣು, ಛಾಯಾಚಿತ್ರ. ವಡೋದರದ ಹುಡುಗ ಎರಡು ವರ್ಷದಿಂದ ಸಂಘಕ್ಕೆ ಬರುವುದನ್ನು ನಿಲ್ಲಿಸಿದ್ದು ಆ ದಿನದಿಂದಲೇ. ಅವನ ಅಣ್ಣನಿಗೆ ಶಾಲು ಹೊದಿಸಿದ ಕೈ ನನ್ನದು, ಮುಂದಿನ ಬಾರಿ ನಿನ್ನ ಸರದಿ ಎಂದು ಮೈಕಿನಲ್ಲಿ ಅವನಿಗೆ ಹೇಳಿದ ಬಾಯಿಯೂ ನನ್ನದೇ. ಸಭೆ ನಕ್ಕಿತ್ತು. ಅವನು ಇದನ್ನು ನನಗೆ ನೆನಪಿಸಬೇಕಾಯಿತು, ನಾನು ಮರೆತಿದ್ದೆ. ಮರೆವಿನ ಹುಡುಗನಿಗೆ ಮೈಕಿನ ಒಂದೊಂದು ಶಬ್ದವೂ ನೆನಪಿತ್ತು. ಅಂಕಪಟ್ಟಿಯ ಪುರಸ್ಕಾರವನ್ನು ನಿಲ್ಲಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದಿದ್ದೇನೆ. ಸಮಿತಿ ಒಪ್ಪುವ ಲಕ್ಷಣವಿಲ್ಲ. ದಾನಿಗಳ ಹೆಸರಿನ ನಿಧಿಯದು ಎಂಬ ಉತ್ತರ ಬಂದಿದೆ.

ಏಳು ಮಂದಿಗೂ ಬರೆಯಲು ಹೇಳಿ ಬಂದೆ. ಎದುರಿಗೆ ಹೇಳಲಾಗದ್ದನ್ನು ಕಾಗದದಲ್ಲಿ ಬರೆಯುವುದು ಈ ನಾಡಿಗೆ ಹೊಸದಲ್ಲ. ಅಣ್ಣನ ಕಡಗದಿಂದ ಚೂರು ಚಿನ್ನ ಕದ್ದ ಹದಿನೈದರ ಹುಡುಗ ತಂದೆಗೆ ಚೀಟಿ ಬರೆದುಕೊಟ್ಟ ಕಥೆಯನ್ನು ಮುಂದೆ ಅವನೇ ಮಹಾತ್ಮನಾಗಿ ನವಜೀವನದಲ್ಲಿ ಬರೆದ. ಆ ತಂದೆ ಓದಿ, ಕಣ್ಣೀರು ಹಾಕಿ, ಚೀಟಿಯನ್ನು ಹರಿದುಹಾಕಿದರು, ಬೈಯಲಿಲ್ಲ. ನಮ್ಮ ಏಳು ಮಂದಿಯಲ್ಲಿ ನಾಲ್ವರು ಬರೆದು ಕಳುಹಿಸಿದ್ದಾರೆ. ಎರಡು ಬರಹ ಅರ್ಧಕ್ಕೆ ನಿಂತಿವೆ, ಒಂದು ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿದೆ. ಮುಂದಿನ ಸಂಚಿಕೆಯಲ್ಲಿ ಅವನ್ನು ಹೆಸರಿಲ್ಲದೆ, ತಿದ್ದದೆ, ಅರ್ಧವಿದ್ದದ್ದನ್ನು ಅರ್ಧವಾಗಿಯೇ ಅಚ್ಚು ಮಾಡುತ್ತೇವೆ. ಅಚ್ಚಾಗುವ ಮುನ್ನ ತಂದೆತಾಯಿಗಳಿಗೆ ತೋರಿಸಬಾರದೆಂಬುದು ನಾಲ್ವರದೂ ಷರತ್ತು. ಮೂರು ಮನೆಗಳಿಂದ ಒಪ್ಪಿಗೆ ಬಂದಿದೆ, ನಾಲ್ಕನೆಯ ಮನೆಗೆ ಈ ವಾರ ಹೋಗಬೇಕು.